ಸುಹಾ ಬೆಟ್ಟದಿಂದ ಇಳಿಸಿ ತಂದವಳು

ಬುಕೋವ್ನಾ ಊರಿನಲ್ಲಿ ಲುದ್ವಿನಾಳ ಬಾಯಿಗೆ ಹೆದರದವರಿರಲಿಲ್ಲ. ಆ ಬಾಯಿ ಅವಳಿಗೆ ಅಪ್ಪನಿಂದ ಬಂದದ್ದು. ಅವನು ಬೆಸ್ಕಿಡ್ ಬೆಟ್ಟಗಳಲ್ಲಿ ಕುರಿ ಕಾಯುತ್ತಿದ್ದವನು. ಕುರಿ, ನಾಯಿ, ಪಾದ್ರಿ ಮೂವರನ್ನೂ ಒಂದೇ ದನಿಯಲ್ಲಿ ಗದರುತ್ತಿದ್ದ. ಆದರೆ ಅವಳ ಕೈ ಮಾತ್ರ ಅಜ್ಜಿಯದು. ಆರು ವರ್ಷಕ್ಕೆ ಅಜ್ಜಿ ಅವಳನ್ನು ಒಲೆ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಕ್ರೋಶಾ ಕಡ್ಡಿ ಕೊಟ್ಟು, "ಬಾಯಿಗೆ ಕೆಲಸ ಕಮ್ಮಿ ಆಗ್ಲಿ, ಬೆರಳಿಗೆ ಜಾಸ್ತಿ ಆಗ್ಲಿ" ಎಂದಿದ್ದಳಂತೆ. ಬಾಯಿಯ ಕೆಲಸವೇನೂ ಕಡಿಮೆಯಾಗಲಿಲ್ಲ. ಬೆರಳು ಮಾತ್ರ ಇಪ್ಪತ್ತಕ್ಕೆಲ್ಲ ಸುತ್ತಲ ಏಳೂರಿಗೆ ಹೆಸರಾಯಿತು. ಮದುವೆಯಾದ ಹೆಣ್ಣುಮಕ್ಕಳು ತಲೆಗೆ ಹಾಕುವ ಕುಲಾವಿಯ ಅಂಚು, ಚರ್ಚಿನ ಪೀಠಕ್ಕೆ ಹಾಸುವ ವಸ್ತ್ರ, ಯಾವುದೇ ಇರಲಿ, ಬಿಳಿ ನೂಲಿನಲ್ಲಿ ಅವಳು ಜರಿಗಿಡದ ಎಲೆ ಹೆಣೆದರೆ ಅದರ ಮೇಲೆ ಇಬ್ಬನಿ ಕೂತಿದೆಯೇನೋ ಎಂದು ಜನ ಮುಟ್ಟಿ ನೋಡುತ್ತಿದ್ದರು.

ಗಂಡ ಇಗ್ನಾಟ್ಸ್ ಕಲ್ಲಿದ್ದಲ ಗಣಿಗೆ ಕೆಲಸಕ್ಕೆ ಹೋದ. ಮೊದಮೊದಲು ಶನಿವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಕ್ರಿಸ್ಮಸ್ಸಿಗೆ, ಈಸ್ಟರಿಗೆ. ಕೊನೆಗೆ ಕಾಗದವೂ ನಿಂತಿತು. ಸತ್ತನೇನೋ ಎಂದು ಯಾರಾದರೂ ಮರುಕಪಟ್ಟರೆ ಲುದ್ವಿನಾ ಹೇಳುತ್ತಿದ್ದಳು: "ಸತ್ತಿದ್ರೆ ಗಣಿಯವ್ರು ಹೇಳಿಕಳಿಸ್ತಿದ್ರು. ಬದುಕಿದಾನೆ, ಅದೇ ರೋಗ ಅವನಿಗೆ." ಮಗಳು ಟೆರ್ಕಾಗೆ ಆಗ ಹತ್ತು ವರ್ಷ. ಹೆಣಿಗೆಯೊಂದನ್ನೇ ನೆಚ್ಚಿಕೊಂಡರೆ ಚಳಿಗಾಲ ಕಳೆಯುವುದಿಲ್ಲವೆಂದು ಲುದ್ವಿನಾ ಸುಹಾ ಬೆಟ್ಟದ ಮೇಲಿನ ತಂಗುಮನೆಗೆ ಅಡುಗೆ ಕೆಲಸಕ್ಕೆ ಸೇರಿದಳು. ಬೆಟ್ಟ ಹತ್ತಲು ಬರುವ ಪಟ್ಟಣದವರಿಗೆ ಅಲ್ಲಿ ಬಿಸಿ ಸೂಪು, ಆಲೂಗಡ್ಡೆ ರೊಟ್ಟಿ, ರಾಸ್ಪ್‌ಬೆರಿ ರಸ ಹಾಕಿದ ಚಹಾ. ಸೋಮವಾರ ಬೆಳಿಗ್ಗೆ ಹತ್ತುವುದು, ಶನಿವಾರ ಮಧ್ಯಾಹ್ನ ಇಳಿಯುವುದು. ನಡುವಿನ ದಿನಗಳಲ್ಲಿ ಟೆರ್ಕಾ ಪಕ್ಕದ ಮನೆಯ ಝುಝ್ಕಾಳ ಬಳಿ ಇರುತ್ತಿದ್ದಳು. ಝುಝ್ಕಾ ಮತ್ತು ಲುದ್ವಿನಾ ಒಂದೇ ಬೆಂಚಿನ ಮೇಲೆ ಕೂತು ಕ್ರೋಶಾ ಕಲಿತವರು.

ಎಂಬತ್ತಾರನೆಯ ಇಸವಿಯ ನವೆಂಬರ್. ಸುಹಾ ಬೆಟ್ಟಕ್ಕೆ ನವೆಂಬರಿನಷ್ಟು ಕೆಟ್ಟ ತಿಂಗಳಿಲ್ಲ. ಜನವರಿಯ ಹಿಮ ಸೊಂಟದವರೆಗೆ ಬಂದರೂ ಮೆತ್ತಗಿರುತ್ತದೆ, ಬಿದ್ದವನನ್ನು ಹಿಡಿದುಕೊಳ್ಳುತ್ತದೆ. ನವೆಂಬರಿನಲ್ಲಿ ಬೀಳುವುದು ಮಳೆ. ಬಿದ್ದ ಮಳೆ ಬಿದ್ದಲ್ಲೇ ಗಟ್ಟಿಯಾಗುತ್ತದೆ. ಆ ವಾರ ಎರಡು ದಿನ ಹನಿ ಕಡಿಯದೆ ಸುರಿದು, ಶುಕ್ರವಾರ ರಾತ್ರಿ ಗಾಳಿ ತಿರುಗಿತು. ಶನಿವಾರ ಬೆಳಿಗ್ಗೆ ಲುದ್ವಿನಾ ಅಡುಗೆಮನೆಯ ಬಾಗಿಲು ತೆಗೆದರೆ ಕಲ್ಲು, ಬೇರು, ಹುಲ್ಲಿನ ಗರಿ, ದಾರಿ ತೋರಿಸಲು ಮರಕ್ಕೆ ಬಳಿದ ಬಣ್ಣದ ಪಟ್ಟೆ ಎಲ್ಲದರ ಮೇಲೂ ಬೆರಳಗಲ ಗಾಜು.

ಅಷ್ಟಾದರೂ ಒಬ್ಬ ಹತ್ತಿ ಬಂದಿದ್ದ. ಲುದ್ವಿನಾ ಸೂಪಿನ ಬಟ್ಟಲನ್ನು ಗೋಡೆಯ ಕಿಂಡಿಯಿಂದ ಆಚೆಗೆ ತಳ್ಳಿದಳು. ಅವಳಿಗೆ ಕಂಡದ್ದು ಅವನ ಹೊಸ ಕೈಗವಸು, ಅವನಿಗೆ ಕಂಡದ್ದು ಅವಳ ಕೈ. ತಂಗುಮನೆಯ ಯಜಮಾನ ವಿಂಚೆಂಟಿ ಅವನಿಗೆ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು.

"ಸ್ವಾಮಿ, ಇವತ್ತು ಇಲ್ಲೇ ಇರಿ. ನಾಳೆ ಬಿಸಿಲು ಬಂದ್ರೆ ಇಳಿಯೋಣಂತೆ."

"ನನ್ನ ಬೂಟು ಆಸ್ಟ್ರಿಯಾದ್ದು," ಎಂದಿತು ಆ ಕಡೆಯ ದನಿ. ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು. ಸೂಪು ಅರ್ಧಕ್ಕರ್ಧ ಹಾಗೇ ವಾಪಸು ಬಂತು.

"ಬೂಟು ಆಸ್ಟ್ರಿಯಾದ್ದು, ತಲೆ ಎಲ್ಲಿದ್ದೋ," ಎಂದು ಗೊಣಗಿಕೊಂಡು ಲುದ್ವಿನಾ ಬಟ್ಟಲು ತೊಳೆದಳು.

ಅವಳು ಹೊರಟದ್ದು ಅವನು ಹೋಗಿ ಒಂದು ಗಂಟೆಯ ಮೇಲೆ. ಊರಿನವರು ಇಂಥ ದಿನ ಬೂಟಿನ ಮೇಲೆ ಒರಟು ಉಣ್ಣೆಯ ಕಾಲುಚೀಲ ಎಳೆದುಕೊಳ್ಳುತ್ತಾರೆ; ಒದ್ದೆ ಉಣ್ಣೆ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಅವಳೂ ಹಾಗೆ ಮಾಡಿ, ಅಜ್ಜಿಯ ಬಿಳಿ ಉಣ್ಣೆ ಹೊದಿಕೆಯನ್ನು ತಲೆಯಿಂದ ಮೊಣಕಾಲಿನವರೆಗೆ ಸುತ್ತಿಕೊಂಡು, ಕಬ್ಬಿಣದ ಮೊನೆಯ ಕೋಲು ಊರುತ್ತ ಇಳಿದಳು. ಬೋಳು ಇಳಿಜಾರಿನ ಹತ್ತಿರ, ಸೊಟ್ಟ ಬೀಚ್ ಮರದ ಕೆಳಗೆ, ದಾರಿಯ ಮೇಲೊಂದು ಕೈಗವಸು ಬಿದ್ದಿತ್ತು. ಕೆಳಗಿನ ಕೊರಕಲಿನಿಂದ ನರಳಿಕೆ ಕೇಳಿತು.

ಮನುಷ್ಯ ಮೂವತ್ತು ಮಾರು ಜಾರಿಹೋಗಿ ಬಂಡೆಗೆ ಆನಿಕೊಂಡಿದ್ದ. ಒಂದು ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಮೈ ಒದ್ದೆ, ಬಾಯಲ್ಲಿ ವೋಡ್ಕಾದ ವಾಸನೆ, ಕಣ್ಣು ಅರೆಮುಚ್ಚು. ಲುದ್ವಿನಾ ಮೇಲಕ್ಕೊಮ್ಮೆ ನೋಡಿದಳು. ತಂಗುಮನೆಗೆ ವಾಪಸು ಹತ್ತಲು ಒಂದೂವರೆ ಗಂಟೆ ಬೇಕು, ವಿಂಚೆಂಟಿಯನ್ನು ಕರೆತರಲು ಇನ್ನೊಂದು. ಅಷ್ಟರಲ್ಲಿ ಇವನು ಕಲ್ಲಾಗಿರುತ್ತಾನೆ. ಅವಳು ಕೊರಕಲಿಗೆ ಕೂತುಕೊಂಡೇ ಇಳಿದಳು.

ತನ್ನ ಕೈಗವಸು ಅವನ ಕೈಗೆ ತೊಡಿಸಿದಳು. ಮುರಿದ ಕಾಲಿಗೆ ಕೋಲನ್ನು ಕಟ್ಟಿದಳು. ಹೊದಿಕೆಯನ್ನು ಅವನಿಗೆ ಸುತ್ತಿ, ಕಂಕುಳ ಕೆಳಗೆ ಗಂಟು ಹಾಕಿ, ಆ ಗಂಟು ಹಿಡಿದು ಎಳೆದಳು. ಮೇಲಕ್ಕೆ ಎಳೆಯುವುದು ಆಗದ ಮಾತು. ಕೊರಕಲಿನಲ್ಲೇ ಕೆಳಗೆ ಎಳೆದರೆ ಕಾಡಿನ ಲಾರಿ ರಸ್ತೆ ಸಿಗುತ್ತದೆಂದು ಗೊತ್ತಿತ್ತು. ಬಂಡೆ ಬಂದಲ್ಲಿ ಬೆನ್ನಿಗೆ ಹಾಕಿಕೊಂಡಳು. ಇಳಿಜಾರು ನಯವಾದಲ್ಲಿ ಫರ್ ಮರದ ಕೊಂಬೆ ಮುರಿದು ಹಾಸಿ, ಅದರ ಮೇಲೆ ಮಲಗಿಸಿ ಜಾರಿಸಿದಳು. ಮರದ ಬೇರು, ಕಲ್ಲಿನ ಸಂದು, ಎಲ್ಲಿ ಹಿಡಿತ ಸಿಕ್ಕಿದರೂ ಬರಿಗೈ ತೂರಿಸಿದಳು. ಮೊದಲು ಬೆರಳು ಉರಿದವು, ಆಮೇಲೆ ನೊಂದವು, ಆಮೇಲೆ ಏನೂ ಇಲ್ಲ. ನೋವು ನಿಂತಾಗ ಹೆದರಬೇಕೆಂದು ಕುರಿ ಕಾಯುವವನ ಮಗಳಿಗೆ ಗೊತ್ತಿತ್ತು. ಆದರೆ ಹೆದರಿ ಕೂರುವುದಕ್ಕೆ ಹೊತ್ತಿರಲಿಲ್ಲ.

ಅವನಿಗೆ ನಿದ್ದೆ ಬರತೊಡಗಿತು.

"ಏಯ್, ಕಣ್ಣು ಬಿಡು! ಮಲಗಿದ್ಯೋ ಸತ್ತೆ. ಜಪ ಮಾಡು. ಬರುತ್ತಾ ಜಪ? ನಮೋ ಮರಿಯಾ... ಹೇಳು!"

"ನಮೋ ಮರಿಯಾ..." ಎಂದ ಅವನು, ಮಗುವಿನಂತೆ. ಎರಡು ಸಲ ಹೇಳಿ ಮತ್ತೆ ಕಣ್ಣು ಮುಚ್ಚಿದ. ಕೆನ್ನೆಗೆ ಹೊಡೆದಳು, ಏಳಲಿಲ್ಲ. ಹಟ ಹಿಡಿದು ಮಲಗಿದ ಟಗರನ್ನು ಅಪ್ಪ ಎಬ್ಬಿಸುತ್ತಿದ್ದ ಬಗೆ ನೆನಪಾಯಿತು. ಬಗ್ಗಿ ಅವನ ಎಡಗಿವಿಯನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಚೀರಿ ಕಣ್ಣು ಬಿಟ್ಟ.

"ಎದ್ಯಾ, ಕೊಬ್ಬಿದ ಟಗರೇ? ಇನ್ನೊಂದು ಕಿವಿನೂ ಇದೆ, ನೆನಪಿರ್ಲಿ. ಹೇಳು ಜಪ!"

ಹೀಗೆ ನಾಲ್ಕು ಗಂಟೆ. ಬೆಳಕು ಕಂದುವ ಹೊತ್ತಿಗೆ ಕಾಡಿನ ರಸ್ತೆ ಮುಟ್ಟಿದರು. ಅದೃಷ್ಟಕ್ಕೆ ಒಂದು ಲಾರಿ ಬಂತು. ಕೊಂಬೆ ರೆಂಬೆ ಮುಚ್ಚಿಕೊಂಡ ದಿಮ್ಮಿಗಳು. ಶನಿವಾರ ಸಂಜೆ, ದೀಪ ಹಾಕದೆ ಬರುವ ಲಾರಿಯಲ್ಲಿ ಇರುವುದು ಕದ್ದ ಮರವೆಂದು ಯಾರಾದರೂ ಹೇಳಿಯಾರು. ಚಾಲಕ ಇಳಿಯಲೂ ಒಲ್ಲ. ಲುದ್ವಿನಾ ಮುಂದೆ ಅಡ್ಡ ನಿಂತಳು.

"ಇವನ್ನ ಆಸ್ಪತ್ರೆ ಬಾಗಿಲಿಗೆ ಹಾಕು. ಹಾಕ್ಲಿಲ್ವೋ, ನಾಳೆ ಅರಣ್ಯದವರಿಗೆ ನಿನ್ನ ಲಾರಿ ನಂಬರು ಹೇಳ್ತೀನಿ."

"ಹಾಕ್ತೀನಿ ಕಣಮ್ಮ. ನೀನು ನನ್ನ ನೋಡಿಲ್ಲ, ನಾನು ನಿನ್ನ ನೋಡಿಲ್ಲ." ಚಾಲಕನ ಪಕ್ಕ ಮನೆ ಸಾಮಾನು ತುಂಬಿತ್ತು, ಒಬ್ಬನಿಗಷ್ಟೇ ಜಾಗ. ಹೊದಿಕೆ ಸಮೇತ ಅವನನ್ನು ತುಂಬಿ ಕಳಿಸಿ, ಲುದ್ವಿನಾ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಊರಿಗೆ ಮೂರು ಕಿಲೋಮೀಟರು ನಡೆದಳು. ಅವನ ಹೆಸರು ಕೇಳಲು ನೆನಪಾಗಿರಲಿಲ್ಲ.

ವೈದ್ಯರು ಹದಿನೈದು ದಿನ ನೋಡಿದರು. ಕಪ್ಪಾದದ್ದು ಕಪ್ಪಾಗೇ ಉಳಿಯಿತು. ಬಲಗೈಯ ನಡುವಿನ ಮೂರು ಬೆರಳು ಹೋದವು. ಝುಝ್ಕಾ ಎಲೆಕೋಸಿನ ಸಾರು ಹೊತ್ತು ಆಸ್ಪತ್ರೆಗೆ ಬಂದವಳು ಬ್ಯಾಂಡೇಜು ನೋಡಿ ಗೋಳೋ ಎಂದು ಅತ್ತಳು.

"ಯಾವನೋ ಪಟ್ಟಣದ ಕುಡುಕನಿಗೆ ನಿನ್ನ ಕೈ ಕೊಟ್ಯಲ್ಲೇ, ಲುದ್ವಿ! ಅಜ್ಜಿ ಹೊದಿಕೆನೂ ಕೊಟ್ಯಲ್ಲೇ!"

"ಅವನೇನು ಕೇಳಿ ಇಸ್ಕೊಂಡ್ನಾ," ಎಂದಳು ಲುದ್ವಿನಾ. "ಬೆರಳು ಹೋದ್ರೆ ಹೋಯ್ತು, ಮನುಷ್ಯ ಬದುಕಿದ್ನಂತಾ? ಅದನ್ನ ವಿಚಾರಿಸು." ಬೇರೆ ಊರಿನ ಆಸ್ಪತ್ರೆಯಲ್ಲಿ ವಿಚಾರಿಸಿದಾಗ, ಬದುಕಿದ, ಮನೆಯವರು ಕರೆದುಕೊಂಡು ಹೋದರು ಎಂದರಂತೆ. ಅಷ್ಟೇ. ಅವನು ಬಂದು ಒಂದು ಮಾತು ಹೇಳಬಹುದೆಂದು ಅವಳು ಒಂದು ಚಳಿಗಾಲ ಕಾದಳು. ಆಮೇಲೆ ಕಾಯುತ್ತಿದ್ದೇನೆಂದು ಒಪ್ಪಿಕೊಳ್ಳುವುದನ್ನು ಬಿಟ್ಟಳು.

ಅಡುಗೆ ಕೆಲಸ ಹೋಯಿತು. ಆಲೂಗಡ್ಡೆ ಸುಲಿಯಲಾರದವಳನ್ನು ವಿಂಚೆಂಟಿ ಎಷ್ಟು ದಿನ ಇಟ್ಟುಕೊಂಡಾನು? ಹೆಬ್ಬೆರಳು ಕಿರುಬೆರಳ ನಡುವೆ ಕಡ್ಡಿ ಹಿಡಿದು ನೋಡಿದಳು, ಎಡಗೈಯಲ್ಲಿ ನೋಡಿದಳು. ಬಂದದ್ದು ಮೀನಿನ ಬಲೆ. ಅದನ್ನು ಒಲೆಗೆ ಹಾಕಿ, ನೂಲಿನ ಉಂಡೆಗಳನ್ನೆಲ್ಲ ಝುಝ್ಕಾಳಿಗೆ ಕೊಟ್ಟುಬಿಟ್ಟಳು. ಬೇರೆಯವರ ಹಸು ಕಾದಳು, ಶಾಲೆ ಗುಡಿಸಿದಳು. ಬಾಯಿ ಮಾತ್ರ ಇನ್ನಷ್ಟು ಹರಿತವಾಯಿತು.

ಒಂಬತ್ತು ವರ್ಷ ಕಳೆದ ಮೇಲೆ, ಈಸ್ಟರ್ ಮುಗಿದ ಒಂದು ಭಾನುವಾರ, ಫಾದರ್ ಗ್ರಾಟ್ಸಿಯಾನ್ ಪ್ರಸಂಗ ಪೀಠದಿಂದ ಒಂದು ಕಾಗದ ಓದಿದರು. ಬರೆದವನು ಯೂಲಿಯನ್ ಸ್ಟೆಂಪಾ, ಪಟ್ಟಣದಲ್ಲಿ ಹೆಂಚಿನ ಕಾರ್ಖಾನೆ ಇಟ್ಟವನು. ಸುಹಾ ಬೆಟ್ಟದಲ್ಲಿ ನಾನು ಸಾಯುತ್ತ ಬಿದ್ದಿದ್ದಾಗ ಬಿಳಿ ವಸ್ತ್ರ ಹೊದ್ದ ಒಬ್ಬ ಸ್ತ್ರೀ ಬಂದಳು. ಮಂಜುಗಡ್ಡೆಯ ಮೇಲೆ ಅವಳ ಹೆಜ್ಜೆಗೆ ಸದ್ದೇ ಇರಲಿಲ್ಲ. 'ಮಗು, ಏಳು, ಜಪ ಮಾಡು' ಎಂದಳು. ದಾರಿಯವರೆಗೆ ಕರೆತಂದು ಮಾಯವಾದಳು. ತನ್ನ ವಸ್ತ್ರವನ್ನು ಗುರುತಿಗೆ ಬಿಟ್ಟುಹೋದಳು. ಅಂದಿನಿಂದ ಕುಡಿತ ಬಿಟ್ಟೆ, ಬಿಟ್ಟುಹೋಗಿದ್ದ ಹೆಂಡತಿ ಮರಳಿ ಬಂದಳು. ಆ ಜಾಗದಲ್ಲಿ ದೇವಮಾತೆಗೆ ಒಂದು ಗುಡಿ ಕಟ್ಟಿಸುವ ಹರಕೆ ನನ್ನದು.

ಫಾದರ್ ಕಾಗದ ಮಡಿಚಿದರು. ಲುದ್ವಿನಾ ಜೋರಾಗಿ ನಕ್ಕುಬಿಟ್ಟಳು.

"ಮಗುವಂತೆ! ಟಗರು ಅಂದಿದ್ದೆ ನಾನು!"

ಜನ ತಿರುಗಿ ನೋಡಿದರು. ಕೆಲವರು ನಕ್ಕರು ಕೂಡ. ಆದರೆ ಅವರ ಕಣ್ಣು ಮತ್ತೆ ಪೀಠದ ಕಡೆ ತಿರುಗಿದಾಗ ಅಲ್ಲಿ ನಗು ಇರಲಿಲ್ಲ. ಬುಕೋವ್ನಾಗೆ ಬಸ್ಸು ದಿನಕ್ಕೆ ಎರಡೇ ಸಲ ಬರುತ್ತಿತ್ತು. ನೂಲಿನ ಗಿರಣಿ ಮುಚ್ಚಿ ಮೂರು ವರ್ಷವಾಗಿತ್ತು. ಬೇರೆ ಕಡೆ ದೇವಮಾತೆ ಕಾಣಿಸಿಕೊಂಡ ಊರುಗಳು ಯಾತ್ರಿಕರ ಹಣದಿಂದ ಹೇಗೆ ಚೇತರಿಸಿಕೊಂಡಿವೆಯೆಂದು ಎಲ್ಲರಿಗೂ ಗೊತ್ತಿತ್ತು.

ಅಂದೇ ಮಧ್ಯಾಹ್ನ ಅವಳು ಪಾದ್ರಿಯ ಮನೆಗೆ ಹೋದಳು. ಫಾದರ್ ಗ್ರಾಟ್ಸಿಯಾನ್ ಕೆಟ್ಟವರಲ್ಲ. ಅವಳ ಬೆರಳು ಕತ್ತರಿಸಿದ ವಾರ ಅವಳಿಗೆ ಪರಮಪ್ರಸಾದ ಕೊಡಲು ಆಸ್ಪತ್ರೆಗೆ ಹೋಗಿದ್ದವರು ಅವರೇ.

"ಗುರುಗಳೇ, ಅವನನ್ನ ಇಳಿಸಿದ್ದು ನಾನು ಅಂತ ನಿಮಗೆ ಗೊತ್ತು."

"ಗೊತ್ತು ಮಗಳೇ."

"ಮತ್ತೆ ಓದಿದ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. "ಆ ಮನುಷ್ಯ ಕುಡಿತ ಬಿಟ್ಟ. ಒಂದು ಸಂಸಾರ ಉಳೀತು. ಈಗ ಹೋಗಿ, ಅಲ್ಲಪ್ಪ, ಅದು ನಮ್ಮ ಲುದ್ವಿನಾ ಅಂದ್ರೆ ಏನಾಗತ್ತೆ ಹೇಳು? ಅಷ್ಟಕ್ಕೂ, ಆವತ್ತು ನಿನ್ನನ್ನ ಆ ದಾರಿಗೆ ಕಳಿಸಿದ್ದು ಯಾರು? ಮಾತೆಯವರೇ ತಾನೇ?"

"ಕಳಿಸಿದವರ ಬೆರಳು ಹೋಗ್ಲಿಲ್ಲವಲ್ಲ, ಗುರುಗಳೇ."

ಅವರು ಕನ್ನಡಕ ಹಾಕಿಕೊಂಡರು. ಚಹಾ ಕುಡಿ ಎಂದರು. ಅವಳು ಕುಡಿಯಲಿಲ್ಲ.

ಟೆರ್ಕಾಗೆ ಆಗ ಇಪ್ಪತ್ತರ ಬಿಸಿ ರಕ್ತ. ಮನೆಮನೆಗೆ ಹೋಗಿ, ಹೊದಿಕೆಯ ಅಂಚಿನಲ್ಲಿ ಕೆಂಪು ನೂಲಿನ ತೇಪೆಯಿದೆ, ನೀವೆಲ್ಲ ನೋಡಿದ್ದೀರಿ, ಸಾಕ್ಷಿ ಹೇಳಿ ಎಂದಳು. ಝುಝ್ಕಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಗುಡಿಯ ಪೀಠದ ವಸ್ತ್ರಕ್ಕೆ ಲೇಸು ಹೆಣೆಯುವ ಕೆಲಸ ಅವಳಿಗೆ ಬಂದಿತ್ತು. ಅಟ್ಟದ ಮೇಲಿನ ಎರಡು ಕೋಣೆಗೆ ಯಾತ್ರಿಕರಿಗೆಂದು ಸುಣ್ಣ ಬಳಿಸಿದ್ದಳು.

"ಬಿಳಿ ಹೊದಿಕೆ ಯಾರ ಮನೇಲಿ ಇಲ್ಲ, ಹೇಳು ಟೆರ್ಕಾ," ಎಂದಳು ಝುಝ್ಕಾ, ಮುಖ ಬಟ್ಟೆಯ ಹಿಂದೆ ಇಟ್ಟುಕೊಂಡು.

"ಚಿಕ್ಕಮ್ಮ, ನಾನು ನಿನ್ನ ಮಡಿಲಲ್ಲಿ ಬೆಳೆದವಳು. ಆ ಹೊದಿಕೆಗೆ ತೇಪೆ ಹಾಕಿದ್ದು ನೀನೇ!"

"ವಯಸ್ಸಾಯ್ತು. ಯಾರ ಬಟ್ಟೆಗೆ ಏನು ಹೊಲಿದೆ ಅಂತ ನೆನಪಿರತ್ತಾ?"

ಲುದ್ವಿನಾ ಬೇಲಿಯಾಚೆ ನಿಂತು ಇದನ್ನು ಕೇಳಿಸಿಕೊಂಡಳು. ಸಂಜೆ ಮಗಳಿಗೆ, "ಅವಳನ್ನ ಬೈಬೇಡ. ಅವಳಿಗೂ ಚಳಿಗಾಲ ಇದೆ," ಎಂದಳಾದರೂ, ಅಂದಿನಿಂದ ಸಾಯುವವರೆಗೆ ಝುಝ್ಕಾಳೊಡನೆ ಒಂದು ಮಾತೂ ಆಡಲಿಲ್ಲ. ನಡುವಿನ ಬೇಲಿಗೆ ಇನ್ನೆರಡು ಹಲಗೆ ಹೊಡೆಸಿದಳು.

ಗುಡಿಯ ಪ್ರತಿಷ್ಠೆಗೆ ಸ್ಟೆಂಪಾ ಆರಿಸಿದ್ದು ಅವನು ಬಿದ್ದ ದಿನವನ್ನೇ. ಹತ್ತನೆಯ ವರ್ಷ. ಸುಹಾ ಬೆಟ್ಟ ತನ್ನ ಸ್ವಭಾವ ಬಿಡಲಿಲ್ಲ; ಹಿಂದಿನ ದಿನ ಮಳೆ, ರಾತ್ರಿ ಚಳಿ. ಬಿಷಪ್ಪರ ಕಾರು ಅರ್ಧದಾರಿಯಿಂದ ಹಿಂದಿರುಗಿತು. ಉಳಿದವರು ಹಾಡುತ್ತ, ಜಾರುತ್ತ, ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡು ಹತ್ತಿದರು. ಫಾದರ್ ಗ್ರಾಟ್ಸಿಯಾನ್ ಎರಡು ಸಲ ಬಿದ್ದರು. ಬಾವುಟ ಹಿಡಿದವನು ಬಾವುಟವನ್ನೇ ಊರುಗೋಲು ಮಾಡಿಕೊಂಡ. ಲುದ್ವಿನಾ ಬೂಟಿನ ಮೇಲೆ ಕಾಲುಚೀಲ ಎಳೆದುಕೊಂಡು ಎಲ್ಲರಿಗಿಂತ ಮುಂಚೆ ಮೇಲೆ ಮುಟ್ಟಿದಳು. ಟೆರ್ಕಾ ಹಿಂದಿನಿಂದ ಕೂಗುತ್ತಿದ್ದಳು: "ಅಮ್ಮ, ನೀನೇ ಹೇಳ್ಬೇಕು. ನಾನು ಹೇಳಿದ್ರೆ ನಡೆಯಲ್ಲ."

ಸೊಟ್ಟ ಬೀಚ್ ಮರದ ಪಕ್ಕ ಹೊಸ ಹಲಗೆಯ ಪುಟ್ಟ ಗುಡಿ. ಒಳಗೆ ಗೋಡೆಯ ಮೇಲೆ, ಗಾಜಿನ ಹಿಂದೆ, ಅಜ್ಜಿಯ ಹೊದಿಕೆ. ಕೆಂಪು ತೇಪೆಯ ತುದಿಯನ್ನು ಚೌಕಟ್ಟಿನ ಅಂಚಿನೊಳಗೆ ಮಡಿಚಿ ಹಾಕಿದ್ದರು. ಬಾಗಿಲಲ್ಲಿ ಯೂಲಿಯನ್ ಸ್ಟೆಂಪಾ ನಿಂತಿದ್ದ. ದಪ್ಪಗಾಗಿದ್ದ, ಕಿವಿ ಮುಚ್ಚುವ ತುಪ್ಪಳದ ಟೋಪಿ. ಕಣ್ಣು ಮಾತ್ರ ಶುದ್ಧವಾಗಿ, ಕುಡಿತ ಬಿಟ್ಟವರ ಕಣ್ಣಿನ ಹಾಗೆ ಸ್ವಲ್ಪ ದಣಿದಿತ್ತು.

"ಪಾನ್ ಸ್ಟೆಂಪಾ," ಎಂದು ಲುದ್ವಿನಾ ಮರ್ಯಾದೆಯಿಂದಲೇ ಕರೆದಳು. "ಒಂದು ಮಾತು. ಆ ಹೊದಿಕೆ ನಮ್ಮಜ್ಜಿದು. ನಿಮ್ಮನ್ನ ಕೊರಕಲಿಂದ ಇಳಿಸಿದ್ದು ನಾನು."

ಅವನಿಗೆ ಆಶ್ಚರ್ಯವಾಗಲಿಲ್ಲ. ಮೃದುವಾಗಿಯೇ ಹೇಳಿದ: "ಅಮ್ಮಾ, ಈ ವರ್ಷ ಹೀಗೆ ಹೇಳಿಕೊಂಡು ಬಂದವರಲ್ಲಿ ನೀವು ಐದನೆಯವರು. ನನಗೆ ಯಾರ ಮೇಲೂ ಕೋಪ ಇಲ್ಲ."

"ಆ ನಾಲ್ಕು ಜನಕ್ಕೂ ನಿಮ್ಮ ಎಡಗಿವಿ ವಿಷಯ ಗೊತ್ತಿತ್ತಾ?"

ಅವನ ಕೈ ತಾನಾಗಿ ಮೇಲೆ ಹೋಗಿ ಟೋಪಿಯ ಮೇಲಿಂದ ಕಿವಿ ಮುಟ್ಟಿತು.

"ನಿದ್ದೆ ಹೋಗ್ತಿದ್ರಿ. ಹೊಡೆದೆ, ಏಳ್ಲಿಲ್ಲ. ಕಚ್ಚಿದೆ. ಕೊಬ್ಬಿದ ಟಗರೇ ಅಂತ ಬೈದೆ. ಇನ್ನೊಂದು ಕಿವಿನೂ ಇದೆ ಅಂದೆ. ನೆನಪು ಬಂತಾ? ಅವತ್ತು ಬೆಳಿಗ್ಗೆ ನಿಮಗೆ ಸೂಪು ಕೊಟ್ಟವಳೂ ನಾನೇ. ಅರ್ಧ ಬಿಟ್ಟಿದ್ರಿ."

ಸ್ಟೆಂಪಾ ಕೈ ಕೆಳಗಿಳಿಸಿದ. ಅವನು ಅವಳ ಬಲಗೈ ನೋಡಿದ, ಕಾಲಿನ ಉಣ್ಣೆ ಚೀಲ ನೋಡಿದ, ಮತ್ತೆ ಕೈ ನೋಡಿದ. ತುಟಿ ಅಲುಗಿತು. ಅವನಿಗೆ ಎಲ್ಲ ಗೊತ್ತಾಗಿದೆಯೆಂದು ಲುದ್ವಿನಾ ಕಣ್ಣಾರೆ ಕಂಡಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದುಕೊಂಡಳು. ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ಬಂದಳು. ಸಣಕಲು ಹೆಂಗಸು, ಚಳಿಗೆ ಮೂಗು ಕೆಂಪಾಗಿತ್ತು, ಕೈಯಲ್ಲಿ ಮೇಣದ ಬತ್ತಿಗಳ ಕಟ್ಟು.

"ಯೂಲೆಕ್, ಯಾರಿವರು?"

"ಊರಿನವರು. ಪಾಪ, ಕೈ ಹೋಗಿದೆ. ಪ್ರಾರ್ಥನೆ ಮಾಡ್ಬೇಕಂತೆ."

ಆ ಹೆಂಗಸು ಬತ್ತಿಗಳನ್ನು ಗಂಡನ ಕೈಗೆ ಕೊಟ್ಟು, ಲುದ್ವಿನಾಳ ಮೊಂಡು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಅಳಬೇಡಿ," ಎಂದಳು. ಲುದ್ವಿನಾ ಅಳುತ್ತಿರಲಿಲ್ಲ. "ಇಲ್ಲಿ ಮಾತೆಯವರು ಸತ್ತಂತೆ ಇದ್ದವರನ್ನ ಎಬ್ಬಿಸಿದಾರೆ. ನನ್ನ ಮನೆ ಉಳಿಸಿದಾರೆ. ಪ್ರತಿದಿನ ಅವರ ಕೈಗೆ ಮುತ್ತು ಕೊಡ್ತೀನಿ ನಾನು, ಚಿತ್ರದಲ್ಲಿ. ನಿಮ್ಮ ಕೈನೂ ನೋಡ್ಕೋತಾರೆ." ಹೀಗೆಂದು ಆ ಕೈಯನ್ನು ಬಾಯಿಯ ಆವಿಯಿಂದ ಬೆಚ್ಚಗೆ ಮಾಡತೊಡಗಿದಳು.

ಊರೇ ಹೆದರುತ್ತಿದ್ದ ಆ ಬಾಯಿಯಿಂದ ಅಂದು ಮತ್ತೊಂದು ಮಾತೂ ಹೊರಡಲಿಲ್ಲ. ಆಮೇಲೆ ಟೆರ್ಕಾ ಎಷ್ಟು ಸಲ ಕೇಳಿದರೂ ಏಕೆಂದು ಅವಳಿಗೆ ಸರಿಯಾಗಿ ಹೇಳಲಾಗಲಿಲ್ಲ. ಆ ಹೆಂಗಸಿನ ಮುಖಕ್ಕೆ ಹೊಡೆದ ಹಾಗಾಗುತ್ತಿತ್ತು ಎಂದಳು ಒಮ್ಮೆ. ಇನ್ನೊಮ್ಮೆ, "ಅವನು ಸುಳ್ಳು ಹೇಳೋದನ್ನ ನೋಡಿದ ಮೇಲೆ ನನ್ನ ಮಾತಿಗೆ ಬೆಲೆ ಎಲ್ಲಿ" ಎಂದಳು. ಪೂಜೆ ಮುಗಿಯುವವರೆಗೆ ಹಿಂದಿನ ಸಾಲಿನಲ್ಲಿ ನಿಂತಿದ್ದು, ಝುಝ್ಕಾಳ ಲೇಸನ್ನು ದೂರದಿಂದಲೇ ನೋಡಿದಳು. ಜರಿಗಿಡದ ಎಲೆ, ಹೆಣಿಗೆ ಎರಡು ಕಡೆ ಬಿಗಿ ತಪ್ಪಿತ್ತು.

ಫಾದರ್ ಗ್ರಾಟ್ಸಿಯಾನ್ ಮನಸ್ಸಿನಲ್ಲಿ ಏನಿತ್ತೋ, ಚಳಿಗಾಲ ಮುಗಿದೊಡನೆ ಗುಡಿ ನೋಡಿಕೊಳ್ಳುವ ಕೆಲಸವನ್ನು ಲುದ್ವಿನಾಳಿಗೇ ಕೊಟ್ಟರು. ವಾರಕ್ಕೆರಡು ಸಲ ಹತ್ತುವುದು, ಗುಡಿಸುವುದು, ಮೇಣ ಕೆರೆಯುವುದು, ಗಾಜು ಒರೆಸುವುದು. ಅವಳು ಒಪ್ಪಿಕೊಂಡಳು. ಟೆರ್ಕಾ ಅಂದು ಊಟದ ತಟ್ಟೆ ಎತ್ತಿ ನೆಲಕ್ಕೆ ಹಾಕಿದಳು.

"ನಿನ್ನ ಹೊದಿಕೆ ಮೇಲಿನ ಧೂಳು ನೀನೇ ಒರೆಸ್ತೀಯಾ? ನಾಚಿಕೆ ಇಲ್ವಾ ನಿನಗೆ?"

"ಇನ್ಯಾರೋ ಒರೆಸ್ಲಾ? ಝುಝ್ಕಾ ಒರೆಸ್ಲಾ?"

"ಸುಟ್ಟುಹಾಕು ಅದನ್ನ!"

"ಅಜ್ಜಿದು ಕಣೇ ಅದು," ಎಂದಳು ಲುದ್ವಿನಾ, ತಟ್ಟೆಯ ಚೂರುಗಳನ್ನು ಎರಡು ಬೆರಳಲ್ಲಿ ಆರಿಸುತ್ತ. ಆ ತಿಂಗಳಲ್ಲೇ ಟೆರ್ಕಾ ಬಿಯೆಲ್ಸ್ಕೋ ಪಟ್ಟಣದ ಬಟ್ಟೆ ಕಾರ್ಖಾನೆಗೆ ಹೊರಟುಹೋದಳು.

ಜನ ಬರತೊಡಗಿದರು. ಬೇಸಿಗೆಯಲ್ಲಿ ಬಸ್ಸು ತುಂಬ, ನವೆಂಬರಿನಲ್ಲಿ ಹಟಮಾರಿಗಳು ಮಾತ್ರ. ಹಾಗೆ ಬಂದವರಲ್ಲಿ ಒಬ್ಬಳು ಮಂಜುಗಡ್ಡೆಯ ಮೇಲೆ ಜಾರಿ ಮೊಣಕೈ ಮುರಿದುಕೊಂಡಳು. ಕತ್ತು ಮುರಿಯದಂತೆ ಮಾತೆ ಕಾದರೆಂದು ಮಾರನೆಯ ವರ್ಷ ಬೆಳ್ಳಿಯ ಮೊಣಕೈಯೊಂದನ್ನು ತಂದು ತೂಗುಹಾಕಿದಳು. ಅದನ್ನೂ ಲುದ್ವಿನಾ ಒರೆಸಿದಳು. ನಿಮ್ಮ ಕೈಗೆ ಏನಾಯಿತೆಂದು ಯಾತ್ರಿಕರು ಕೇಳಿದರೆ ಮೊದಮೊದಲು ನಿಜ ಹೇಳುತ್ತಿದ್ದಳು. ಅವರ ಮುಖದಲ್ಲಿ ಮರುಕ ಮೂಡಿ, ಕಣ್ಣು ಪಕ್ಕದವರ ಕಣ್ಣನ್ನು ಹುಡುಕುತ್ತಿದ್ದವು. ಆಮೇಲೆ, "ಗರಗಸ" ಎಂದು ಹೇಳಲು ಕಲಿತಳು. ಗರಗಸವನ್ನು ಎಲ್ಲರೂ ನಂಬಿದರು.

ಸ್ಟೆಂಪಾ ಪ್ರತಿ ನವೆಂಬರಿಗೆ ಮೆರವಣಿಗೆಯ ಜೊತೆ ಬರುತ್ತಿದ್ದ, ಅವಳ ಕಡೆ ನೋಡದೆ ಹೋಗುತ್ತಿದ್ದ. ಹೆಂಡತಿ ತೀರಿಕೊಂಡ ವರ್ಷ ಮಾತ್ರ ಒಬ್ಬನೇ ಬಂದ, ಮೆರವಣಿಗೆಗೆ ಹತ್ತು ದಿನ ಮುಂಚೆ. ಲುದ್ವಿನಾ ಮೆಟ್ಟಿಲ ಮೇಲಿನ ಮಂಜುಗಡ್ಡೆ ಒಡೆಯುತ್ತಿದ್ದಳು. ಅವನು ಟೋಪಿ ತೆಗೆದ. ಎಡಗಿವಿಯ ಹಾಲೆಯಲ್ಲಿ ಒಂದು ಚೂರು ಇರಲಿಲ್ಲ.

"ಚಳಿಗೆ ಕೈ ನೋಯುತ್ತಾ, ಪಾನಿ ಲುದ್ವಿನಾ?" ಎಂದ, ಮೊದಲ ಸಲ ಅವಳ ಹೆಸರು ಹಿಡಿದು, ಮರ್ಯಾದೆಯಿಂದ.

"ಇಲ್ಲದ ಬೆರಳು ನೋಯುತ್ತೆ. ಇರೋದು ಪರವಾಗಿಲ್ಲ."

ಅವನು ಒಡೆದ ಮಂಜುಗಡ್ಡೆಯ ಚೂರುಗಳನ್ನು ಕಾಲಿನಿಂದ ಬದಿಗೆ ತಳ್ಳಿದ. ಕೊನೆಗೆ, "ನಾನು ಆವತ್ತೇ ಹೇಳ್ಬಹುದಿತ್ತು," ಎಂದ. "ಆದ್ರೆ ದೇವಮಾತೆ ಬಂದು ಎಬ್ಬಿಸಿದ್ರು ಅಂತ ನಾನು ಕುಡಿಯೋದು ಬಿಟ್ಟವನು. ಅಡುಗೆಯವಳು ಎಬ್ಬಿಸಿದ್ದು ಅಂದಿದ್ರೆ..."

"ಅಂದಿದ್ರೆ? ಕುಡೀತಿದ್ರಾ?"

"ಕ್ಷಮಿಸಿ," ಎಂದ.

"ಇದನ್ನ ಇಲ್ಲಿ, ಮರದ ಮುಂದೆ ಹೇಳ್ಬೇಡಿ. ಭಾನುವಾರ ಚರ್ಚಲ್ಲಿ ಹೇಳಿ. ಎಲ್ಲಿ ಓದಿಸಿದ್ರೋ ಅಲ್ಲಿ ಹೇಳಿ."

ಅವನು ತಲೆ ತಗ್ಗಿಸಿದ. ಆಗಲಿ ಎಂದನೋ, ಆಗುವುದಿಲ್ಲ ಎಂದನೋ ತಿಳಿಯಲಿಲ್ಲ. ಟೋಪಿ ಹಾಕಿಕೊಂಡು ಇಳಿಯತೊಡಗಿದ. ದಾರಿ ಹೊಳೆಯುತ್ತಿತ್ತು. ಒಂದು ತಿರುವಿನೊಳಗೆ ಅವನು ಮೂರು ಸಲ ಕುಸಿದ; ಮುದಿ ಮನುಷ್ಯ, ಪ್ರತಿ ಸಲವೂ ಏಳಲು ಮರ ಹುಡುಕುತ್ತಿದ್ದ. ಲುದ್ವಿನಾ ಸನಿಕೆ ಊರಿ ನೋಡುತ್ತ ನಿಂತಳು. ಕೂಗಿ ಕರೆಯಬಹುದಾಗಿತ್ತು, ಕೈ ಹಿಡಿದು ಇಳಿಸಬಹುದಾಗಿತ್ತು. ದಾರಿಯ ಎಲ್ಲ ಕಲ್ಲೂ ಅವಳಿಗೆ ಗೊತ್ತು. ಅವನು ಮರೆಯಾದ ಮೇಲೆ ಉಳಿದ ಎರಡು ಮೆಟ್ಟಿಲನ್ನೂ ಒಡೆದು ಮುಗಿಸಿದಳು.

ಅವನು ಕ್ಷೇಮವಾಗಿ ಊರು ಮುಟ್ಟಿದ. ಭಾನುವಾರ ಬಂತು, ಇನ್ನೊಂದು ಭಾನುವಾರವೂ ಬಂತು. ಚರ್ಚಿನಲ್ಲಿ ಯಾರೂ ಏನೂ ಓದಲಿಲ್ಲ. ವಸಂತದಲ್ಲಿ ಗುಡಿಗೆ ಒಂದು ಗಂಟೆ ಬಂತು, ಅವನ ಹೆಂಡತಿಯ ಹೆಸರು ಕೆತ್ತಿಸಿದ್ದು.

ಆ ಬೇಸಿಗೆ ಟೆರ್ಕಾ ಬಂದಳು. ಮೆತ್ತಗಾಗಿದ್ದಳು, ಅವಳಿಗೂ ಮೂವತ್ತು ದಾಟಿತ್ತು. ರಾಸ್ಪ್‌ಬೆರಿ ಬಿಡಿಸುತ್ತ ತಾಯಿಗೆ ಹೇಳಿದಳು: "ಸಾಕಮ್ಮ. ಬಿಯೆಲ್ಸ್ಕೋಗೆ ಬಾ ನನ್ನ ಜೊತೆ. ಎರಡನೇ ಮಹಡಿ, ಬಿಸಿನೀರು ನಲ್ಲೀಲೇ ಬರುತ್ತೆ. ನಿನ್ನ ಕೈಗೂ ಒಳ್ಳೇದು. ಅಲ್ಲಿ ನಿನ್ನ ಯಾರೂ ಏನೂ ಕೇಳಲ್ಲ."

ಲುದ್ವಿನಾ ಹಣ್ಣಾದ ಒಂದು ರಾಸ್ಪ್‌ಬೆರಿಯನ್ನು ಹೆಬ್ಬೆರಳು ಕಿರುಬೆರಳಲ್ಲಿ ಜೋಪಾನವಾಗಿ ಕಿತ್ತಳು.

"ಅಲ್ಲಿ 'ಏನೂ ಕೇಳಲ್ಲ' ಅಂತೀಯಲ್ಲ, ಅದೇ ಬೇಡ," ಎಂದಳು. "ಇಲ್ಲಿ ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ನನ್ನ ನೋಡಿ ಮುಖ ತಿರುಗಿಸೋಕೆ ನಲವತ್ತು ಮನೆ ಇವೆ. ಅಲ್ಲಿ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಂಡು ಬದುಕ್ಲಿ?"